ಹಣೆಗೆ ಕಟ್ಟುವ ಬ್ಯಾಂಡ್ ಮನಸ್ಸನ್ನು ಓದಬಲ್ಲದೇ?

ಮಗುವಿನ ಹಣೆಗೆ ಒಂದು ಬ್ಯಾಂಡ್ ಕಟ್ಟಿದರೆ ಸಾಕು, ಓದಿನಲ್ಲಿ ಗಮನ ಇದೆಯೋ ಇಲ್ಲವೋ, ಮನಸ್ಸಿನಲ್ಲಿ ಏನು ಓಡುತ್ತಿದೆ ಎಲ್ಲವೂ ಮೊಬೈಲ್‌ನಲ್ಲಿ ಕಾಣುತ್ತದೆ ಎನ್ನುವ ಧಾಟಿಯ ಸಂದೇಶ ನಿಮಗೂ ಬಂದಿರಬಹುದು. ಇದರಲ್ಲಿ ನಿಜ ಎಷ್ಟು? ನೋಡೋಣ.

ಬ್ಯಾಂಡ್ ಅಳೆಯುವುದು ಏನನ್ನು?

ಮಿದುಳಿನ ನರಕೋಶಗಳು ಒಂದರೊಡನೊಂದು ವಿದ್ಯುತ್ ಸಂಕೇತಗಳ ಮೂಲಕ ವ್ಯವಹರಿಸುತ್ತವೆ. ಅಸಂಖ್ಯ ನರಕೋಶಗಳು ಒಟ್ಟಿಗೆ ಚುರುಕಾದಾಗ ಅದರ ಸಣ್ಣ ಅಂಶ ತಲೆಯ ಚರ್ಮದವರೆಗೂ ಬರುತ್ತದೆ. ಅದನ್ನು ದಾಖಲಿಸುವ ವಿಧಾನವೇ ಇಇಜಿ. ಜರ್ಮನಿಯ ಯೇನಾದ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಬಾರಿಗೆ ಮನುಷ್ಯರ ಇಇಜಿ ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಒಬ್ಬರ ಯೋಚನೆ ಮಾತಿಲ್ಲದೆ ಇನ್ನೊಬ್ಬರಿಗೆ ತಲುಪುತ್ತದೆಯೇ ಎಂಬ ಕುತೂಹಲವೇ ಅವರನ್ನು ಈ ದಾರಿಗೆ ತಂದಿತ್ತು. ಸಿಕ್ಕಿದ್ದು ಅಲೆಗಳು, ಯೋಚನೆಗಳಲ್ಲ.

ಈ ಸಂಕೇತ ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್ ಅಷ್ಟೇ. ಟಿವಿ ರಿಮೋಟ್‌ನ ಒಂದು ಸೆಲ್ 1.5 ವೋಲ್ಟ್. 50 ಮೈಕ್ರೋವೋಲ್ಟ್ ಎಂದರೆ ಅದರ ಮೂವತ್ತು ಸಾವಿರದಲ್ಲಿ ಒಂದು ಪಾಲು!

ಆಸ್ಪತ್ರೆಯ ಇಇಜಿಗೂ ಇದಕ್ಕೂ ವ್ಯತ್ಯಾಸವೇನು?

ಆಸ್ಪತ್ರೆಯಲ್ಲಿ ತಲೆಯ ತುಂಬ ಸುಮಾರು ಇಪ್ಪತ್ತು ಎಲೆಕ್ಟ್ರೋಡ್‌ಗಳನ್ನು ಪೇಸ್ಟ್ ಅಥವಾ ಜೆಲ್ ಹಚ್ಚಿ ಕೂರಿಸುತ್ತಾರೆ. ಅಲುಗಾಡದೆ ಮಲಗಲು ಹೇಳುತ್ತಾರೆ. ದಿನಾ ಧರಿಸುವ ಸಾಧನದಲ್ಲಿ ಇದು ಆಗದ ಮಾತು. ಕೂದಲಿಗೆ ಪೇಸ್ಟ್ ಮೆತ್ತಿಕೊಂಡು ಆಫೀಸಿಗೆ ಹೋಗುವವರು ಯಾರು? ಹಾಗಾಗಿ ವಿನ್ಯಾಸಕಾರರು ಜೆಲ್ ಬೇಡದ ಒಣ ಎಲೆಕ್ಟ್ರೋಡ್ ಬಳಸುತ್ತಾರೆ. ಇದಕ್ಕೆ ಕೂದಲು ಅಡ್ಡ ಬರುತ್ತದೆ. ಆದ್ದರಿಂದ ಕೂದಲಿಲ್ಲದ ಹಣೆ ಮತ್ತು ಕಿವಿಯ ಹಿಂಭಾಗವನ್ನೇ ಆರಿಸುತ್ತಾರೆ. ಮ್ಯೂಸ್ ಬ್ಯಾಂಡ್‌ನ ನಾಲ್ಕು ಸಂವೇದಕಗಳು ಇರುವುದೂ ಇಲ್ಲಿಯೇ.

ತೊಂದರೆ ಶುರುವಾಗುವುದೂ ಇಲ್ಲೇ. ಹಣೆಯ ಪಕ್ಕದಲ್ಲೇ ಕಣ್ಣುಗಳಿವೆ. ಒಮ್ಮೆ ಕಣ್ಣು ಮಿಟುಕಿಸಿದರೆ ಉಂಟಾಗುವ ಸಂಕೇತ ಮಿದುಳಿನ ಅಲೆಗಿಂತ ಎಷ್ಟೋ ದೊಡ್ಡದು. ಹುಬ್ಬು ಗಂಟಿಕ್ಕುವುದು, ಹಲ್ಲು ಕಚ್ಚುವುದು, ಮನೆಯ ವೈರಿಂಗ್‌ನ 50 ಹರ್ಟ್ಸ್ ಕರೆಂಟ್ ಎಲ್ಲವೂ ಬಂದು ಸೇರುತ್ತವೆ. ಬ್ಯಾಂಡ್ ಬಿಗಿ ಮಾಡಿದರೆ ತಲೆ ನೋಯುತ್ತದೆ, ಸಡಿಲ ಬಿಟ್ಟರೆ ಸಂಕೇತ ಕೆಡುತ್ತದೆ.

ಹಾಗಾದರೆ ಏನು ತಿಳಿಯುತ್ತದೆ?

ಕಣ್ಣು ಮುಚ್ಚಿ ಆರಾಮಾಗಿ ಕೂತರೆ ಸೆಕೆಂಡಿಗೆ 8ರಿಂದ 13 ಬಾರಿ ಏರಿಳಿಯುವ ಆಲ್ಫಾ ಅಲೆ ಹೆಚ್ಚುತ್ತದೆ. ಗಾಢ ನಿದ್ದೆಯಲ್ಲಿ 4ಕ್ಕಿಂತ ನಿಧಾನದ ಡೆಲ್ಟಾ ಅಲೆ ಕಾಣುತ್ತದೆ. ಇಂಥ ಒಟ್ಟಾರೆ ಸ್ಥಿತಿಯ ಅಂದಾಜು ಬ್ಯಾಂಡ್‌ನಿಂದ ಸಿಗಬಹುದು. ಯೋಚನೆಯ ವಿವರ ಸಿಗದು. ಜಾತ್ರೆಯ ಗದ್ದಲ ದೂರದಿಂದ ಕೇಳಿದರೆ ತೇರು ಎಳೆಯುತ್ತಿದ್ದಾರೆ ಎಂದು ಊಹಿಸಬಹುದು. ಯಾರು ಯಾರಿಗೆ ಏನೆಂದರು ಎಂದು ಗೊತ್ತಾಗದು.

‘ಏಕಾಗ್ರತೆ 80’ ಎಂಬ ಅಂಕವೂ ಅಷ್ಟೇ. ಬಿಪಿಗೆ ಇರುವಂತೆ ಎಲ್ಲರೂ ಒಪ್ಪಿದ ಅಳತೆ ಇದಕ್ಕಿಲ್ಲ, ಪ್ರತಿ ಕಂಪನಿಗೂ ಅದರದ್ದೇ ಲೆಕ್ಕ. ಮಗು ಹುಬ್ಬು ಗಂಟಿಕ್ಕಿದರೂ ಅಂಕ ಬದಲಾಗಬಹುದು. ಅದನ್ನು ನಂಬಿ ಮಗುವನ್ನು ಗದರಿಸುವುದು ಅನ್ಯಾಯ. ಮೂರ್ಛೆರೋಗದ ಅನುಮಾನವಿದ್ದರೆ ನರರೋಗ ತಜ್ಞರನ್ನೇ ಕಾಣಿ.

ನಿಜವಾಗಿ ಎಚ್ಚರ ಬೇಕಿರುವುದು ಎಲ್ಲಿ?

2019ರಲ್ಲಿ ಚೀನಾದ ಝೆಜಿಯಾಂಗ್ ಪ್ರಾಂತ್ಯದ ಪ್ರಾಥಮಿಕ ಶಾಲೆಯೊಂದರಲ್ಲಿ ಮಕ್ಕಳಿಗೆ ಇಂಥ ಬ್ಯಾಂಡ್ ಕಟ್ಟಿ, ಗಮನದ ಅಂಕವನ್ನು ಶಿಕ್ಷಕರಿಗೂ ಪೋಷಕರಿಗೂ ಕೊಡಲಾಗುತ್ತಿತ್ತು. ಜನರ ಆಕ್ರೋಶದ ಬಳಿಕ ಅದನ್ನು ನಿಲ್ಲಿಸಲಾಯಿತು.

ನಮ್ಮಲ್ಲೂ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದೆ. ತನಿಖೆಯಲ್ಲಿ ಬಳಸುವ ‘ಬ್ರೈನ್ ಮ್ಯಾಪಿಂಗ್’ ಪರೀಕ್ಷೆಗೂ ಇಇಜಿಯೇ ಆಧಾರ. ಒಪ್ಪಿಗೆಯಿಲ್ಲದೆ ಅದನ್ನು ಯಾರ ಮೇಲೂ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ತೀರ್ಪಿತ್ತಿತು. ಚಿಲಿ ದೇಶ 2021ರಲ್ಲಿ ಮಿದುಳಿನ ಮಾಹಿತಿಯ ರಕ್ಷಣೆಗೆಂದು ಸಂವಿಧಾನವನ್ನೇ ತಿದ್ದಿತು.

ಪೊಲೀಸರಿಗೆ ಬೇಕಾದ ಆ ಒಪ್ಪಿಗೆಯನ್ನು ಆ್ಯಪ್‌ಗೆ ನಾವು ಒಂದೇ ಬೆರಳಿನಲ್ಲಿ ಒತ್ತಿ ಕೊಟ್ಟುಬಿಡುತ್ತೇವೆ. ಬ್ಯಾಂಡ್ ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿ: ಮಾಹಿತಿ ಎಲ್ಲಿ ಉಳಿಯುತ್ತದೆ? ಯಾರ ಕೈಗೆ ಹೋಗುತ್ತದೆ? ಬೇಡವೆಂದರೆ ಅಳಿಸಬಹುದೇ?

ನಮ್ಮ ತೀರ್ಮಾನ: ಬ್ಯಾಂಡ್ ಮಿದುಳಿನ ಅಲೆಗಳನ್ನು ಅಳೆಯುತ್ತದೆ ಎಂಬುದು ನಿಜ. ಮನಸ್ಸನ್ನು ಓದುತ್ತದೆ ಎಂಬುದು ಸುಳ್ಳು. ಆ ಸಂದೇಶ ಮತ್ತೆ ಬಂದರೆ ಫಾರ್ವರ್ಡ್ ಮಾಡುವ ಬದಲು ಇದನ್ನು ಕಳುಹಿಸಿ.