ಕಲ್ಲಿದ್ದಲ ಕಣಿವೆಯ ಪುಸ್ತಕಗಳು: ವೇಲ್ಸ್‌ನ ಗಣಿ ಪರಂಪರೆ ಮತ್ತು ಹವೆಲ್ ಫ್ರಾನ್ಸಿಸ್

ಕೈಗಾರಿಕಾ ಪರಂಪರೆ ಎಂದೊಡನೆ ಯಂತ್ರಗಳು, ಚಿಮಣಿಗಳು, ಗಣಿಬಾಯಿಯ ಮೇಲಿನ ಗೋಪುರಗಳು ನೆನಪಿಗೆ ಬರುತ್ತವೆ. ದಕ್ಷಿಣ ವೇಲ್ಸ್‌ನ ಕಲ್ಲಿದ್ದಲ ಕಣಿವೆಗಳಲ್ಲಿ ಇವುಗಳ ಜೊತೆಗೆ ಪುಸ್ತಕಗಳೂ ಕಣ್ಮರೆಯಾಗುತ್ತಿದ್ದವು. ಅದನ್ನು ಪರಂಪರೆಯ ನಷ್ಟವೆಂದೇ ಗುರುತಿಸಿದವರಲ್ಲಿ ಚರಿತ್ರೆಕಾರ ಹವೆಲ್ ಫ್ರಾನ್ಸಿಸ್ (1946-2021) ಪ್ರಮುಖರು.

ಈ ಪುಸ್ತಕಗಳ ಹಿನ್ನೆಲೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಗಣಿ ಕಾರ್ಮಿಕರು ತಮ್ಮ ಕೂಲಿಯಿಂದ ವಾರವಾರವೂ ಪುಡಿಗಾಸು ಕೊಟ್ಟು ಊರೂರಿನಲ್ಲಿ ಕಾರ್ಮಿಕ ಭವನಗಳನ್ನು ಕಟ್ಟಿಕೊಂಡಿದ್ದರು. ಅಲ್ಲಿ ಸಭಾಂಗಣ, ವಾಚನಾಲಯ, ಗ್ರಂಥಾಲಯಗಳಿದ್ದವು. ಯಾವ ಪುಸ್ತಕ ಕೊಳ್ಳಬೇಕೆಂಬುದನ್ನು ಕಾರ್ಮಿಕರ ಸಮಿತಿಯೇ ನಿರ್ಧರಿಸುತ್ತಿತ್ತು. ಹದಿಮೂರನೆಯ ವಯಸ್ಸಿನಲ್ಲಿ ಗಣಿಗಿಳಿದು, ಮುಂದೆ 1948ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಜಾರಿಗೆ ತಂದ ಅನೈರಿನ್ ಬೆವನ್ ಓದಿ ಬೆಳೆದದ್ದು ಟ್ರೆಡೀಗರ್‌ನ ಇಂಥದೇ ಗ್ರಂಥಾಲಯದಲ್ಲಿ. 1960ರ ದಶಕದಲ್ಲಿ ಗಣಿಗಳು ಒಂದೊಂದಾಗಿ ಮುಚ್ಚಿದಂತೆ ಭವನಗಳೂ ಬಡವಾದವು. ಪುಸ್ತಕಗಳು ಹಳೆಯ ಪುಸ್ತಕದ ವ್ಯಾಪಾರಿಗಳ ಪಾಲಾದವು, ಕೆಲವು ಕಸಕ್ಕೆ ಸೇರಿದವು.

ಫ್ರಾನ್ಸಿಸ್ ಡಲೈಸ್ ಕಣಿವೆಯ ಗಣಿ ಕುಟುಂಬದವರು. ತಂದೆ ಡೈ ಫ್ರಾನ್ಸಿಸ್ ದಕ್ಷಿಣ ವೇಲ್ಸ್ ಗಣಿ ಕಾರ್ಮಿಕ ಸಂಘದ ಪ್ರಧಾನ ಕಾರ್ಯದರ್ಶಿಯಾಗಿದ್ದರು. ಹೊರಗಿನ ಸಂಶೋಧಕನಿಗೆ ತೆರೆಯದ ಬಾಗಿಲುಗಳು ಇವರಿಗೆ ತೆರೆದುಕೊಂಡದ್ದು ಸಹಜವೇ. ಸ್ವಾನ್ಸಿ ವಿಶ್ವವಿದ್ಯಾಲಯ ಕಾಲೇಜಿನಲ್ಲಿ 1971ರಿಂದ 1974ರವರೆಗೆ ನಡೆದ ಕಲ್ಲಿದ್ದಲ ಪ್ರದೇಶದ ಇತಿಹಾಸ ಯೋಜನೆಯಲ್ಲಿ ಅವರೂ ಸಹೋದ್ಯೋಗಿಗಳೂ ಅಳಿದುಳಿದ ಪುಸ್ತಕಗಳು, ಸಂಘದ ನಡಾವಳಿಗಳು, ಧ್ವಜಪಟಗಳು, ಛಾಯಾಚಿತ್ರಗಳನ್ನು ಕಲೆಹಾಕಿದರು. ವೃದ್ಧ ಕಾರ್ಮಿಕರ ನೆನಪುಗಳನ್ನು ಧ್ವನಿಮುದ್ರಿಸಿಕೊಂಡರು. 1973ರಲ್ಲಿ ದಕ್ಷಿಣ ವೇಲ್ಸ್ ಗಣಿ ಕಾರ್ಮಿಕರ ಗ್ರಂಥಾಲಯ ಆರಂಭವಾಯಿತು. ಡೇವಿಡ್ ಸ್ಮಿತ್ ಅವರೊಡನೆ ಫ್ರಾನ್ಸಿಸ್ ಬರೆದು 1980ರಲ್ಲಿ ಪ್ರಕಟಿಸಿದ ಕಾರ್ಮಿಕ ಸಂಘದ ಇತಿಹಾಸ 'ದಿ ಫೆಡ್' ಈ ಸಂಗ್ರಹದ ಬೆಂಬಲದಿಂದಲೇ ರೂಪುಗೊಂಡಿತು.

ಕ್ಷೇತ್ರಕಾರ್ಯಕ್ಕೆ ಒಗ್ಗಿದ ಜಾನಪದ ಅಧ್ಯಯನಕಾರರಿಗೆ ಇಲ್ಲೊಂದು ಪರಿಚಿತ ತೊಡಕು ಕಾಣದಿರದು. ಒಳಗಿನವನ ಸಲುಗೆಯಿಂದ ದೊರೆತ ಸಂಗ್ರಹದಲ್ಲಿ ಸಂಘಟನೆಯ ಮುಂದಾಳು ಪುರುಷರ ದನಿ ಗಟ್ಟಿಯಾಗಿದೆ. ಮನೆ ನಡೆಸಿದ ಹೆಂಗಸರದ್ದು ಅಷ್ಟಾಗಿ ಕೇಳಿಸದು. ಆದರೂ ಆ ಮುದುಕರ ಆಯುಷ್ಯ ಯಾವ ಸಂಶೋಧನಾ ವಿಧಾನಕ್ಕೂ ಕಾಯುತ್ತಿರಲಿಲ್ಲ ಎಂಬುದನ್ನು ಮರೆಯಲಾಗದು.

ಸಂಗ್ರಹ ಕೇವಲ ಪಂಡಿತರಿಗಾಗಿ ಎಂದು ಫ್ರಾನ್ಸಿಸ್ ಭಾವಿಸಲಿಲ್ಲ. ವಯಸ್ಕ ಶಿಕ್ಷಣವನ್ನು ಅದರೊಂದಿಗೆ ಬೆಸೆದರು. 1984-85ರ ಮಹಾಮುಷ್ಕರದಲ್ಲಿ ಗಣಿ ಸಮುದಾಯಗಳ ಬೆಂಬಲಕ್ಕೆ ನಿಂತ ವೇಲ್ಸ್‌ನ ಒಕ್ಕೂಟದ ಅಧ್ಯಕ್ಷರಾದರು. 2008ರಲ್ಲಿ ಟವರ್ ಗಣಿಯೂ ಮುಚ್ಚಿತು. ಗ್ರಂಥಾಲಯದ ಪುಸ್ತಕಗಳಲ್ಲಿ ಮಾತ್ರ, ಅವನ್ನು ಕೊಂಡ ಕಾರ್ಮಿಕ ಭವನಗಳ ಮುದ್ರೆಗಳು ಹಾಗೆಯೇ ಇವೆ.