ಮ್ಯಾಚಿಂಗ್ ಸೆಂಟರ್‌ನಿಂದ ರಾಷ್ಟ್ರಪ್ರಶಸ್ತಿವರೆಗೆ: ಹೈದರಾಬಾದ್ ಡಿಸೈನರ್ ಗೌರಂಗ್ ಶಾ ಯಾರು?

ಫ್ಯಾಷನ್ ಡಿಸೈನರ್ ಎಂದಾಕ್ಷಣ ಗೌನು, ಲೆಹಂಗಾ, ರ್‍ಯಾಂಪ್‌ ವಾಕ್ ನೆನಪಾಗುವುದು ಸಹಜ. ಆದರೆ ಹೈದರಾಬಾದ್‌ನ ಗೌರಂಗ್ ಶಾ ಹೆಸರು ಮಾಡಿದ್ದು ಕೈಮಗ್ಗದ ಸೀರೆಯಿಂದ. 'ಮಹಾನಟಿ' ಚಿತ್ರದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಹಂಚಿಕೊಂಡ ಇವರು, ರಾಜಾ ರವಿವರ್ಮನ ವರ್ಣಚಿತ್ರಗಳನ್ನು ಖಾದಿ ಸೀರೆಯ ಸೆರಗಿಗೆ ತಂದವರು. ಜಾಮ್ದಾನಿ ನೇಯ್ಗೆಯನ್ನೇ ನಂಬಿ ಬೆಳೆದ ಅವರ ವೃತ್ತಿಬದುಕಿನ ಪರಿಚಯ ಇಲ್ಲಿದೆ.

ಅಂಗಡಿಯಲ್ಲೇ ಮೊದಲ ಪಾಠ

ಗೌರಂಗ್ ಶಾ ಫ್ಯಾಷನ್ ಕಾಲೇಜಿನಲ್ಲಿ ಓದಿದವರಲ್ಲ. ಹೈದರಾಬಾದ್‌ನಲ್ಲಿ ಅವರ ತಂದೆ ಸೀರೆಗೆ ಒಪ್ಪುವ ರವಿಕೆ ಬಟ್ಟೆ, ಫಾಲ್ ಮಾರುವ ಮ್ಯಾಚಿಂಗ್ ಸೆಂಟರ್ ನಡೆಸುತ್ತಿದ್ದರು. ಸೀರೆ ಹಿಡಿದು ಬರುವ ಹೆಂಗಸರಿಗೆ ಸರಿಯಾದ ಬಣ್ಣ ಹುಡುಕಿಕೊಡುವುದೇ ಆ ಅಂಗಡಿಯ ಕೆಲಸ. ಒಂದೇ ಕೆಂಪಿನಲ್ಲಿ ಎಷ್ಟು ಛಾಯೆಗಳಿವೆ, ಯಾವ ಬಟ್ಟೆ ಹೇಗೆ ಇಳಿಬೀಳುತ್ತದೆ, ಗ್ರಾಹಕರು ಸೀರೆಯಲ್ಲಿ ಮೊದಲು ಏನನ್ನು ನೋಡುತ್ತಾರೆ ಎಂಬುದೆಲ್ಲ ಅಲ್ಲಿ ದಿನವೂ ಕಣ್ಣಿಗೆ ಬೀಳುವ ಸಂಗತಿ. ಮುಂದೆ ಅವರು ನೇಕಾರರ ಊರುಗಳಿಗೆ ಹೋಗಿ ಮಗ್ಗದ ಕೆಲಸ ತಿಳಿದುಕೊಂಡರು, ತಮ್ಮದೇ ವಿನ್ಯಾಸಗಳನ್ನು ನೇಯಿಸಲು ಶುರುಮಾಡಿದರು.

ಏನಿದು ಜಾಮ್ದಾನಿ?

ಮಾಮೂಲಿ ನೇಯ್ಗೆಯಲ್ಲಿ ಲಾಳಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓಡಿ ಹೊಕ್ಕು ಹಾಕುತ್ತದೆ. ಜಾಮ್ದಾನಿಯಲ್ಲಿ ಇದರ ಜೊತೆಗೆ, ಹೂವೋ ಬಳ್ಳಿಯೋ ಮೂಡಬೇಕಾದ ಜಾಗದಲ್ಲಿ ಮಾತ್ರ ಬೇರೆ ಬಣ್ಣದ ಎಳೆಯನ್ನು ನೇಕಾರ ಕೈಯಿಂದಲೇ ಸೇರಿಸಬೇಕು. ಚಿತ್ರದಲ್ಲಿ ಎಷ್ಟು ಬಣ್ಣವೋ ಅಷ್ಟು ಎಳೆ. ಒಂದು ಸಾಲು ಮುಗಿಸಿದ ಮೇಲೇ ಮುಂದಿನ ಸಾಲು. ಹೀಗಾಗಿ ಒಂದು ಸೀರೆಗೆ ತಿಂಗಳುಗಟ್ಟಲೆ ಸಮಯ ಬೇಕು. ವಿನ್ಯಾಸ ಸಂಕೀರ್ಣವಾದರೆ ವರ್ಷ ದಾಟುವುದೂ ಉಂಟು.

ಢಾಕಾ ಈ ಕಲೆಯ ಹೆಸರಾಂತ ನೆಲೆ. ಬಾಂಗ್ಲಾದೇಶದ ಜಾಮ್ದಾನಿ ನೇಯ್ಗೆಯನ್ನು ಯುನೆಸ್ಕೊ 2013ರಲ್ಲಿ ಪಾರಂಪರಿಕ ಕಲೆಗಳ ಪಟ್ಟಿಗೆ ಸೇರಿಸಿತು. ಆಂಧ್ರಪ್ರದೇಶದ ಉಪ್ಪಾಡದ ಜಾಮ್ದಾನಿ ಸೀರೆಗೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ.

ಗೌರಂಗ್ ಇದನ್ನು ಬೇರೆ ಬೇರೆ ಊರಿನ ನೇಯ್ಗೆಗಳ ಜೊತೆ ಬೆರೆಸಿದರು. ಕಾಂಜೀವರಂ, ಪೈಠಣಿ, ಬನಾರಸ್, ಪಾಟನ್ ಪಟೋಲಾ ಶೈಲಿಗಳು ಅವರ ಸೀರೆಗಳಲ್ಲಿ ಜಾಮ್ದಾನಿಯ ಜೊತೆ ಸೇರಿಕೊಂಡಿವೆ. ಇಳಕಲ್ ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವುದನ್ನು ಬಲ್ಲ ಕನ್ನಡಿಗರಿಗೆ ಈ ಕೆಲಸದ ಕಷ್ಟ ಬೇಗ ಅರ್ಥವಾದೀತು. ಒಂದು ಊರಿನ ನೇಕಾರನ ಕೈಗೆ ಇನ್ನೊಂದು ಊರಿನ ಪಟ್ಟು ಹಿಡಿಯುವುದು ಸುಲಭವಲ್ಲ.

'ಮಹಾನಟಿ'ಯ ಸೀರೆಗಳು

ನಟಿ ಸಾವಿತ್ರಿ ಜೀವನ ಆಧರಿಸಿದ 'ಮಹಾನಟಿ' ತೆರೆಕಂಡಿದ್ದು 2018ರ ಮೇನಲ್ಲಿ. ನಿರ್ದೇಶನ ನಾಗ್ ಅಶ್ವಿನ್, ಮುಖ್ಯ ಪಾತ್ರದಲ್ಲಿ ಕೀರ್ತಿ ಸುರೇಶ್. ಸಾವಿತ್ರಿಯ 'ಮಾಯಾಬಜಾರ್' ಸೇರಿದಂತೆ ಆ ಕಾಲದ ಹೆಚ್ಚಿನ ಚಿತ್ರಗಳು ಕಪ್ಪು ಬಿಳುಪಿನವು. ಬಣ್ಣದ ತೆರೆಯ ಮೇಲೆ ಆಕೆಯನ್ನು ತೋರಿಸುವಾಗ ಸೀರೆಯ ಅಂಚು, ಬುಟ್ಟಾ ಮಾತ್ರವಲ್ಲ, ಬಣ್ಣವೂ ಆಯಾ ಕಾಲಕ್ಕೆ ಹೊಂದಬೇಕಿತ್ತು. ತಾರೆಯಾಗಿ ಮೆರೆದ ದಿನಗಳಿಂದ ಎಲ್ಲವನ್ನೂ ಕಳೆದುಕೊಂಡ ಕೊನೆಯ ದಿನಗಳವರೆಗಿನ ಆಕೆಯ ಬದುಕು ಉಡುಪಿನಲ್ಲೂ ಕಾಣಬೇಕಿತ್ತು.

2019ರ ಆಗಸ್ಟ್‌ನಲ್ಲಿ ಪ್ರಕಟವಾದ 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಪಟ್ಟಿಯಲ್ಲಿ ಅತ್ಯುತ್ತಮ ವಸ್ತ್ರವಿನ್ಯಾಸ ಗೌರವ 'ಮಹಾನಟಿ'ಗೆ ಬಂತು. ಗೌರಂಗ್ ಶಾ ಜೊತೆಗೆ ಇಂದ್ರಾಕ್ಷಿ ಪಟ್ನಾಯಕ್ ಮತ್ತು ಅರ್ಚನಾ ರಾವ್ ಅದನ್ನು ಹಂಚಿಕೊಂಡರು. ಕೀರ್ತಿ ಸುರೇಶ್ ಅತ್ಯುತ್ತಮ ನಟಿಯಾದರು. ಕನ್ನಡದ 'ನಾತಿಚರಾಮಿ' ಮತ್ತು 'ಕೆಜಿಎಫ್' ಪ್ರಶಸ್ತಿ ಪಡೆದದ್ದೂ ಇದೇ ಪಟ್ಟಿಯಲ್ಲಿ. ಬಾಲಿವುಡ್‌ನಲ್ಲಿ ವಿದ್ಯಾ ಬಾಲನ್ ಗೌರಂಗ್ ಅವರ ಸೀರೆಗಳನ್ನು ಹೆಚ್ಚಾಗಿ ಉಟ್ಟು ಜನಪ್ರಿಯಗೊಳಿಸಿದ ನಟಿ.

ಸೆರಗಿಗೆ ಇಳಿದ ರವಿವರ್ಮ

ಗೌರಂಗ್ ಕೈಹಾಕಿದ ಅತ್ಯಂತ ಕಷ್ಟದ ಕೆಲಸ ರವಿವರ್ಮನ ಚಿತ್ರಗಳದ್ದು. ಮಹಾತ್ಮ ಗಾಂಧಿ ಅವರ 150ನೇ ಜಯಂತಿ ಸಂದರ್ಭದಲ್ಲಿ ಅವರು ರವಿವರ್ಮನ 30 ಚಿತ್ರಗಳನ್ನು ಖಾದಿ ಸೀರೆಗಳ ಮೇಲೆ ಜಾಮ್ದಾನಿಯಲ್ಲಿ ನೇಯಿಸಿದರು. ಮುಂಬೈನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಅವು ಪ್ರದರ್ಶನಗೊಂಡವು. ಈ ಕೆಲಸಕ್ಕೆ ಕರ್ನಾಟಕದ ನಂಟೂ ಇದೆ. ಹೊಸಪೇಟೆಯ ಅಭೇರಾಜ್ ಬಲ್ದೋಟ ಫೌಂಡೇಶನ್ ಹಾಗೂ ಬೆಂಗಳೂರಿನ ರಾಜಾ ರವಿವರ್ಮ ಹೆರಿಟೇಜ್ ಫೌಂಡೇಶನ್ ಇದರಲ್ಲಿ ಕೈಜೋಡಿಸಿದ್ದವು.

ಹೂಬಳ್ಳಿ ನೇಯುವುದಕ್ಕೂ ಮುಖ ನೇಯುವುದಕ್ಕೂ ಅಜಗಜಾಂತರ. ಕೆನ್ನೆಯ ಮೇಲಿನ ಬೆಳಕು, ಕಣ್ಣಿನ ಭಾವ, ಸೀರೆಯ ನೆರಿಗೆಯ ನೆರಳು ಎಲ್ಲವೂ ದಾರದಲ್ಲೇ ಬರಬೇಕು. ಒಂದು ಎಳೆ ತಪ್ಪಿದರೂ ಮುಖದ ಚಹರೆ ಬದಲಾಗುತ್ತದೆ. ಇದನ್ನು ಸಾಧಿಸಿದವರು ಆಂಧ್ರದ ಶ್ರೀಕಾಕುಳಂ ಭಾಗದ ನೇಕಾರರು. ಅಲ್ಲಿನ ಪೊಂದೂರು ನವಿರಾದ ಖಾದಿಗೆ ಹೆಸರುವಾಸಿ. ಹತ್ತಿಯನ್ನು ಮೀನಿನ ದವಡೆಯ ಮೂಳೆಯಿಂದ ಬಾಚಿ ಹಸನು ಮಾಡುವ ಪದ್ಧತಿ ಅಲ್ಲಿ ಇಂದಿಗೂ ಇದೆ.

ನೇಕಾರರಿಗೆ ಏನು ಸಿಗುತ್ತದೆ?

ಇಂಥ ಕೆಲಸದ ಮಹತ್ವ ತಿಳಿಯಲು ಕೈಮಗ್ಗ ಗಣತಿಯ ಅಂಕಿ ನೋಡಬೇಕು. 2009-10ರ ಗಣತಿಯಲ್ಲಿ ದೇಶದಲ್ಲಿ 43.31 ಲಕ್ಷ ಕೈಮಗ್ಗ ಕಾರ್ಮಿಕರಿದ್ದರು. 2019-20ರ ಗಣತಿಯಲ್ಲಿ ಆ ಸಂಖ್ಯೆ 35.22 ಲಕ್ಷಕ್ಕೆ ಇಳಿದಿತ್ತು. ಇವರಲ್ಲಿ ಶೇ 70ಕ್ಕೂ ಹೆಚ್ಚು ಮಹಿಳೆಯರು. ಹೆಚ್ಚಿನ ನೇಕಾರ ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಪವರ್‌ಲೂಮ್ ಅದೇ ವಿನ್ಯಾಸವನ್ನು ಅಗ್ಗದ ದರದಲ್ಲಿ ತಂದಾಗ, ಮಕ್ಕಳು ಮಗ್ಗ ಬಿಟ್ಟು ಊರಾಚೆ ಕೂಲಿಗೆ ಹೋಗುವುದು ಅಚ್ಚರಿಯಲ್ಲ.

ಗೌರಂಗ್ ಅವರಂಥ ಡಿಸೈನರ್‌ಗಳು ಹಿಡಿದ ದಾರಿ ಇದಕ್ಕೆ ವಿರುದ್ಧವಾದುದು. ಪವರ್‌ಲೂಮ್‌ನ ಬೆಲೆಯ ಜೊತೆ ಪೈಪೋಟಿಗೆ ಇಳಿಯದೆ, ಯಂತ್ರಕ್ಕೆ ಸುಲಭವಾಗಿ ಸಾಧ್ಯವಾಗದ್ದನ್ನು ನೇಯಿಸುವುದು, ಅದಕ್ಕೆ ತಕ್ಕ ಬೆಲೆ ಕೇಳುವುದು. ನೂರಾರು ನೇಕಾರರು ಅವರ ವಿನ್ಯಾಸಗಳಿಗೆ ಕೆಲಸ ಮಾಡುತ್ತಿದ್ದಾರೆ.

ಇದಕ್ಕೆ ಮಿತಿಯೂ ಇದೆ. ಇಷ್ಟು ದುಬಾರಿ ಸೀರೆ ಕೊಳ್ಳುವವರು ಕೆಲವೇ ಮಂದಿ. ಒಬ್ಬ ಡಿಸೈನರ್‌ನಿಂದ ಲಕ್ಷಾಂತರ ಮಗ್ಗಗಳು ನಡೆಯಲಾರವು. ಜೊತೆಗೆ, ರ್‍ಯಾಂಪ್ ಮೇಲೆ ಕೇಳಿಬರುವುದು ಡಿಸೈನರ್ ಹೆಸರು, ತಿಂಗಳುಗಟ್ಟಲೆ ಮಗ್ಗದ ಮುಂದೆ ಕೂತವರ ಹೆಸರಲ್ಲ. ಆದರೂ ಮುಖಚಿತ್ರ ನೇಯಬಲ್ಲ ನೇಕಾರನಿಗೆ ಅದೇ ಊರಿನಲ್ಲಿ, ಅದೇ ಮಗ್ಗದಲ್ಲಿ ಕೆಲಸ ಸಿಕ್ಕರೆ, ಆ ವಿದ್ಯೆ ಮುಂದಿನ ತಲೆಮಾರಿಗೆ ಉಳಿಯುವ ಅವಕಾಶವಿದೆ. ಗೌರಂಗ್ ಶಾ ಅವರ ವೃತ್ತಿಬದುಕನ್ನು ಪ್ರಶಸ್ತಿಗಿಂತ ಹೆಚ್ಚಾಗಿ ಅಳೆಯಬೇಕಾದದ್ದು ಇದರಿಂದಲೇ.