ಸಕ್ಕರೆ ಕಾಯಿಲೆಗೆ ಗರಡಿಯ ಸಾಮು

ಸಕ್ಕರೆ ಕಾಯಿಲೆ ಬಂತೆಂದರೆ ವೈದ್ಯರು ಹೇಳುವ ಮೊದಲ ಮಾತು ‘ದಿನವೂ ನಡೆಯಿರಿ’. ನಸುಕಿನಲ್ಲೇ ಉದ್ಯಾನ ಸುತ್ತುವವರಲ್ಲಿ ಹಲವರು ಈ ಮಾತಿಗೆ ಕಟ್ಟುಬಿದ್ದವರು. ಆದರೆ ಗರಡಿಯಲ್ಲಿ ಹೊಡೆಯುವ ದಂಡೆ, ಬಸ್ಕಿಗಳೂ ಈ ಕಾಯಿಲೆಗೆ ಒಳ್ಳೆಯವು ಎಂದರೆ ನಂಬುವವರು ಕಡಿಮೆ. ವಿಚಾರವೇನೋ ಬಹಳ ಹಳೆಯದು.

‘ಸುಶ್ರುತ ಸಂಹಿತೆ’ಯ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹ ಉಲ್ಬಣಿಸಿದವರಿಗೆ ವ್ಯಾಯಾಮ, ಮಲ್ಲಯುದ್ಧ, ಆನೆ ಕುದುರೆಗಳ ಸವಾರಿ, ಕಾಲ್ನಡಿಗೆಗಳನ್ನು ವಿಧಿಸಲಾಗಿದೆ. ದುಡ್ಡಿಲ್ಲದವನು ಕೊಡೆ, ಪಾದರಕ್ಷೆಗಳಿಲ್ಲದೆ ನೂರು ಯೋಜನ ನಡೆಯಬೇಕು. ಬಾವಿ ತೋಡುವುದೂ ಅಲ್ಲಿ ಹೇಳಿರುವ ಇನ್ನೊಂದು ಚಿಕಿತ್ಸೆ. ಗುದ್ದಲಿ ಹಿಡಿದು ಮಣ್ಣೆತ್ತುವುದೆಂದರೆ ಭಾರ ಎತ್ತುವ ವ್ಯಾಯಾಮವೇ ತಾನೆ? ಬಡಕಲಾದ ರೋಗಿಯ ಮೈ ಕಾಪಾಡಬೇಕೆಂಬ ಎಚ್ಚರಿಕೆಯನ್ನೂ ಗ್ರಂಥ ಮರೆತಿಲ್ಲ.

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕಿತು. ಮರುವರ್ಷವೇ ರೋಗಿಗಳಿಗೆ ಅದನ್ನು ಕೊಡಲಾಯಿತು. ಆಗ ಬಾಸ್ಟನ್ನಿನ ವೈದ್ಯ ಎಲಿಯಟ್ ಜೋಸ್ಲಿನ್ ಪಥ್ಯ, ಇನ್ಸುಲಿನ್, ವ್ಯಾಯಾಮ ಮೂರೂ ಒಟ್ಟಿಗೆ ಬೇಕೆಂದು ಸಾರಿದರು. ಆದರೂ ವ್ಯಾಯಾಮವೆಂದರೆ ಬಹುಕಾಲ ನಡಿಗೆಯೇ ಆಯಿತು. ಭಾರ ಎತ್ತಿದರೆ ರಕ್ತದೊತ್ತಡ ಏರಿ ನಾಳಗಳಿಗೆ ಕೇಡೆಂಬ ಅಂಜಿಕೆಯೂ ಇತ್ತು.

ಅಂಜಿಕೆಗೆ ಕಾರಣವಿಲ್ಲದಿಲ್ಲ. ಸಕ್ಕರೆ ಕಾಯಿಲೆ ಕಣ್ಣು, ಮೂತ್ರಪಿಂಡ, ಹೃದಯ, ಪಾದಗಳನ್ನು ಕೆಡಿಸುವುದು ಬಹುಮಟ್ಟಿಗೆ ರಕ್ತನಾಳಗಳ ಮೂಲಕವೇ. ಆ ನಾಳ ಬರಿಯ ಕೊಳವೆಯಲ್ಲ ಎಂದು ತೋರಿಸಿದವರು ನ್ಯೂಯಾರ್ಕಿನ ರಾಬರ್ಟ್ ಫರ್ಚ್‌ಗಾಟ್. ಮೊಲದ ರಕ್ತನಾಳದ ತುಂಡುಗಳ ಮೇಲೆ ನಡೆದ ಪ್ರಯೋಗದಲ್ಲಿ, ಒಳಪೊರೆ ಉಜ್ಜಿಹೋದರೆ ನಾಳ ಸಡಿಲುವುದಿಲ್ಲ ಎಂದು ಅವರು 1980ರಲ್ಲಿ ಪ್ರಕಟಿಸಿದರು. ಸಡಿಲಿಸುವ ವಸ್ತು ಆ ಪೊರೆಯೇ ತಯಾರಿಸುವ ನೈಟ್ರಿಕ್ ಆಕ್ಸೈಡ್ ಎಂದು ಮುಂದೆ ತಿಳಿಯಿತು. ಈ ಶೋಧಕ್ಕೆ 1998ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು.

ಸಕ್ಕರೆ ಹೆಚ್ಚಾದಾಗ ಸೊರಗುವುದು ಇದೇ ಪೊರೆ. ಸ್ನಾಯು ದುಡಿದಾಗ ಅದರೊಳಗೆ ರಕ್ತದ ಹರಿವು ಹೆಚ್ಚುತ್ತದೆ. ಹರಿವಿನ ಉಜ್ಜಾಟಕ್ಕೆ ಪೊರೆ ನೈಟ್ರಿಕ್ ಆಕ್ಸೈಡ್ ಸೂಸುತ್ತದೆ. ಜೊತೆಗೆ ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ಸಕ್ಕರೆಯನ್ನು ಹೀರಿಕೊಳ್ಳುತ್ತದೆ. 2001ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ 16 ರೋಗಿಗಳಿಗೆ ಎಂಟು ವಾರ ಸೈಕಲ್ ತುಳಿತ, ಭಾರದ ವ್ಯಾಯಾಮ ಎರಡನ್ನೂ ಮಾಡಿಸಿದಾಗ ನಾಳಗಳ ಹಿಗ್ಗುವ ಗುಣ ಸುಧಾರಿಸಿತು. 2007ರಲ್ಲಿ ಕೆನಡಾದಲ್ಲಿ 251 ಜನರ ಮೇಲೆ ನಡೆದ ಅಧ್ಯಯನದಲ್ಲಿ ಭಾರದ ವ್ಯಾಯಾಮವೊಂದರಿಂದಲೂ ಸಕ್ಕರೆ ಇಳಿಯಿತು. ಎರಡೂ ಸೇರಿದಾಗ ಇನ್ನಷ್ಟು ಇಳಿಯಿತು. ಅಂದರೆ ನಡಿಗೆ ಬಿಟ್ಟು ಸಾಮು ಹಿಡಿಯಬೇಕಿಲ್ಲ, ನಡಿಗೆಯ ಜೊತೆಗೆ ಸಾಮೂ ಇರಬೇಕು. ವಾರಕ್ಕೆ ಎರಡು ಮೂರು ದಿನ, ನಡುವೆ ಬಿಡುವು ಕೊಟ್ಟು ಮಾಡಬೇಕೆಂಬುದು ಇಂದಿನ ವೈದ್ಯರ ಸಲಹೆ.

ಹಳೆಯದೆಲ್ಲವೂ ಇಂದಿಗೆ ಸಲ್ಲದು. ಪಾದದ ಸ್ಪರ್ಶ ಕುಂದಿದ ರೋಗಿ ಬರಿಗಾಲಲ್ಲಿ ನಡೆದರೆ ಹುಣ್ಣಿಗೆ ದಾರಿ. ಉಸಿರು ಬಿಗಿಹಿಡಿದು ಭಾರ ಎತ್ತಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ. ಕಣ್ಣಿನ ನಾಳಗಳು ಕೆಟ್ಟವರಿಗೆ, ಹೃದ್ರೋಗಿಗಳಿಗೆ ಅದು ಅಪಾಯ. ಅವರು ವೈದ್ಯರನ್ನು ಕೇಳದೆ ಹೊರಡಬಾರದು. ಉಳಿದವರಿಗೆ ಬಾವಿಯನ್ನೇ ತೋಡಬೇಕೆಂದಿಲ್ಲ. ಕೈಯೂರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂತರೂ ಸಾಕು, ಸಾಮು ಶುರುವಾದಂತೆಯೇ.